ಓಲ್ಡ್ ಗೋವಾದ ಬೊಮ್ ಜೆಸುಸ್: ಇಪ್ಪತ್ತು ನಿಮಿಷಕ್ಕೆ ಮುಗಿಸಬೇಡಿ

ಪುಣೆ, ಮುಂಬೈಯಲ್ಲಿರೋ ನಮ್ಮಂಥ ಐಟಿ ಕನ್ನಡಿಗರಿಗೆ ಗೋವಾ ಅಂದ್ರೆ ಒಂದು ಲಾಂಗ್ ವೀಕೆಂಡ್. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಸ್ಲೀಪರ್ ಬಸ್ ಹತ್ತಿದ್ರೆ ಬೆಳಗ್ಗೆ ಪಣಜಿ. ಎರಡು ದಿನ ಬೀಚು, ಹೊರಡೋ ದಿನ ಟೈಮ್ ಉಳಿದ್ರೆ "ಆ ದೊಡ್ಡ ಚರ್ಚ್ ಒಂದು ನೋಡ್ಕೊಂಡು ಬಿಡೋಣ" ಅಂತ ಒಂದು ಸುತ್ತು. ಹಾಗೆ ಇಪ್ಪತ್ತು ನಿಮಿಷಕ್ಕೆ ಮುಗಿಯೋ ಜಾಗದ ಬಗ್ಗೆ ಇವತ್ತಿನ ಮಾತು. ಬೊಮ್ ಜೆಸುಸ್ ಬೆಸಿಲಿಕಾ. ನಾನು ನಾಲ್ಕೈದು ಸಲ ಹೋಗಿದ್ದೀನಿ, ಪ್ರತಿ ಸಲವೂ ಅರ್ಧ ದಿನ ಸಾಲದೆ ಬಂದಿದೆ.

ಪಣಜಿಯಿಂದ ಸುಮಾರು ಹತ್ತು ಕಿಲೋಮೀಟರ್. ಕ್ಯಾಬ್ ಬಿಡಿ, ಬಸ್ಸಲ್ಲಿ ಹೋಗಿ. ಗೋವಾದ ಸರ್ಕಾರಿ ಬಸ್ಸಿನ ಹೆಸರೇ ಕದಂಬ! ಗೋವೆಯನ್ನಾಳಿದ ಕದಂಬರು ಕನ್ನಡ ಶಾಸನಗಳನ್ನ ಬರೆಸಿದವರು. ಆಮೇಲೆ ವಿಜಯನಗರ, ಬಹಮನಿ, ಕೊನೆಗೆ ನಮ್ಮ ಬಿಜಾಪುರದ ಆದಿಲ್‌ಶಾಹಿ. 1510ರಲ್ಲಿ ಅಲ್ಬುಕರ್ಕ್ ಈ ಊರನ್ನ ಗೆದ್ದಿದ್ದು ಬಿಜಾಪುರದವರ ಕೈಯಿಂದ. ಆದಿಲ್‌ಶಾಹನ ಅರಮನೆಯದು ಅನ್ನೋ ಕಪ್ಪು ಕಲ್ಲಿನ ಬಾಗಿಲು ಈಗಲೂ ಸೇಂಟ್ ಕಜೆಟಾನ್ ಚರ್ಚ್ ಹತ್ತಿರ ಒಂಟಿಯಾಗಿ ನಿಂತಿದೆ. ಹಿಂದೆ ಅರಮನೆ ಇಲ್ಲ, ಬರೀ ಬಾಗಿಲು.

ಬೊಮ್ ಜೆಸುಸ್ ಕೆಲಸ ಶುರುವಾಗಿದ್ದು 1594ರಲ್ಲಿ, ಪ್ರತಿಷ್ಠೆ ಆಗಿದ್ದು 1605ರಲ್ಲಿ. ಕಟ್ಟಿಸಿದವರು ಜೆಸ್ಯೂಟ್ ಪಾದ್ರಿಗಳು. ಹೊರಗೋಡೆಯ ತುದೀಲಿ ಐ, ಎಚ್, ಎಸ್ ಅಂತ ಮೂರು ಅಕ್ಷರ ಕಾಣುತ್ತೆ. ಗ್ರೀಕ್‌ನಲ್ಲಿ ಯೇಸು ಅನ್ನೋ ಹೆಸರಿನ ಮೊದಲ ಅಕ್ಷರಗಳು ಅವು, ಜೆಸ್ಯೂಟರ ಗುರುತು.

ಒಳಗೆ ಕಾಲಿಟ್ಟಾಗ ಎರಡೂ ಪಕ್ಕ ಬಹುತೇಕ ಖಾಲಿ ಗೋಡೆ. ಎದುರಿಗೆ ಮಾತ್ರ ನೆಲದಿಂದ ಮೇಲಿನವರೆಗೂ ಚಿನ್ನದ ಲೇಪದ ಮರದ ಕೆತ್ತನೆ. ಕಣ್ಣು ಬೇರೆ ಕಡೆ ಹೋಗೋಕೆ ಆಗೋದೇ ಇಲ್ಲ, ಅದೇ ಅದರ ಲೆಕ್ಕಾಚಾರ. ನಡುವೆ ದೊಡ್ಡದಾಗಿ ನಿಂತಿರೋದು ಯೇಸು ಅಂತ ತುಂಬಾ ಜನ ಅಂದ್ಕೋತಾರೆ. ಅಲ್ಲ. ಅವರು ಲೊಯೊಲಾದ ಸಂತ ಇಗ್ನೇಷಿಯಸ್, ಜೆಸ್ಯೂಟ್ ಸಂಘದ ಸ್ಥಾಪಕರು. ಅವರ ಕೆಳಗಡೆ ಚಿಕ್ಕದಾಗಿ ನಿಂತಿರೋ ಮಗು ಇದೆಯಲ್ಲ, ಅದೇ ಬಾಲಯೇಸು. ಸಂತರ ಕಣ್ಣು ಮೇಲಿರೋ ಸೂರ್ಯನ ಕಡೆಗಿದೆ, ಆ ಸೂರ್ಯನಲ್ಲಿ ಮತ್ತೆ ಅದೇ ಮೂರು ಅಕ್ಷರ. ಅದರ ಮೇಲೆ ತ್ರಿತ್ವ. ನಮ್ಮ ದೇವಸ್ಥಾನದ ಗೋಪುರ ನೋಡೋ ಹಾಗೆ, ಕೆಳಗಿಂದ ಮೇಲಕ್ಕೆ ನಿಧಾನವಾಗಿ ನೋಡ್ಕೊಂಡು ಹೋಗಬೇಕು.

ಬಲಗಡೆ ಸಂತ ಫ್ರಾನ್ಸಿಸ್ ಝೇವಿಯರ್ ಸಮಾಧಿ. ಇವರು ಗೋವಾಕ್ಕೆ ಬಂದಿದ್ದು 1542ರಲ್ಲಿ, ತೀರಿಕೊಂಡಿದ್ದು 1552ರ ಡಿಸೆಂಬರ್ 3ರಂದು ಚೀನಾ ತೀರದ ಒಂದು ದ್ವೀಪದಲ್ಲಿ. ಅಲ್ಲಿಂದ ದೇಹ ಮಲಾಕ್ಕಾಗೆ ಬಂತು, 1554ರಲ್ಲಿ ಗೋವಾಕ್ಕೆ. ಬಲಗೈಯ ಭಾಗ ಮಾತ್ರ ಇಲ್ಲಿಲ್ಲ, ಅದು ರೋಮ್‌ನ ಜೆಸು ಚರ್ಚಿನಲ್ಲಿದೆ. ಈ ಸಮಾಧಿಯನ್ನ ನಾನು ಎಷ್ಟು ಹೊತ್ತು ಬೇಕಾದ್ರೂ ನೋಡ್ತೀನಿ. ಕೆಳಗಿನ ಅಮೃತಶಿಲೆಯ ಪೀಠ ಟಸ್ಕನಿಯ ದೊರೆ ಮೂರನೇ ಕೊಸಿಮೊ ಕೊಟ್ಟಿದ್ದು. ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿ ಮಾಡಿಕೊಟ್ಟು, 1698ರಲ್ಲಿ ಇಲ್ಲಿ ಜೋಡಿಸಿದ್ರು. ಆದರೆ ಮೇಲಿರೋ ಬೆಳ್ಳಿ ಪೆಟ್ಟಿಗೆ ಅದಕ್ಕಿಂತ ಅರವತ್ತು ವರ್ಷ ಹಳೇದು, 1636-37ರದ್ದು. ಮಾಡಿದವರು ಗೋವಾದ ಅಕ್ಕಸಾಲಿಗರು. ಗೈಡುಗಳು ಇಟಲಿ ಇಟಲಿ ಅಂತಾನೇ ಹೇಳ್ತಾರೆ. ಪೀಠ ಇಟಲಿದು ಸ್ವಾಮಿ, ಸಂತರು ಮಲಗಿರೋದು ಇಲ್ಲಿಯ ಅಕ್ಕಸಾಲಿಗರ ಕೆಲಸದೊಳಗೆ.

ಈಗ ಕಷ್ಟದ ಮಾತು. ಗೋವಾದಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬೇಕು ಅಂತ 1546ರಲ್ಲಿ ಪೋರ್ಚುಗಲ್ ದೊರೆಗೆ ಪತ್ರ ಬರೆದವರು ಇದೇ ಝೇವಿಯರ್. ಅದು ಶುರುವಾಗಿದ್ದು ಅವರು ಸತ್ತ ಮೇಲೆ, 1560ರಲ್ಲಿ. ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೂ ನಡೀತು. ದೇವಸ್ಥಾನಗಳು ಬಿದ್ದವು. ಮಂಗೇಶಿ, ಶಾಂತಾದುರ್ಗಿಯನ್ನ ಭಕ್ತರು ಪೋಂಡಾ ಕಡೆಗೆ ಸಾಗಿಸಿದ್ರು. ಎಷ್ಟೋ ಕೊಂಕಣಿ ಕುಟುಂಬಗಳು ದಕ್ಷಿಣಕ್ಕೆ, ನಮ್ಮ ಕರಾವಳಿಗೆ ಬಂದವು. ಅದರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಮಂಗಳೂರಿನ ಕ್ಯಾಥೊಲಿಕರ ಮೂಲ ಬಹುಪಾಲು ಅಲ್ಲೇ. ನನ್ನ ಟೀಮಲ್ಲೂ ಮಂಗಳೂರಿನ ಒಬ್ಬರಿದ್ದಾರೆ, ಮನೇಲಿ ಕೊಂಕಣಿ, ಆಫೀಸಲ್ಲಿ ನನ್ನ ಜೊತೆ ಕನ್ನಡ. "ನಮ್ಮ ಅಜ್ಜ ಅಜ್ಜಿ ಕಡೆಯವರು ಬಿಟ್ಟು ಬಂದ ಊರು ಮಾರಾಯ್ರೆ, ಆದ್ರೂ ಫೆಸ್ತ್‌ಗೆ ಹೋಗ್ತೇವೆ" ಅಂದ್ರು. ಚಿನ್ನದ ಕೆತ್ತನೆ ಮೆಚ್ಚೋದಕ್ಕೆ ಈ ಇತಿಹಾಸ ಮರೀಬೇಕಿಲ್ಲ. ಇತಿಹಾಸ ಗೊತ್ತು ಅಂತ ಇವತ್ತು ಅಲ್ಲಿ ಮೊಣಕಾಲೂರಿ ಕೂತಿರೋ ಅಜ್ಜಿಯ ಕಡೆ ಕೆಂಗಣ್ಣು ಬಿಡಬೇಕಾಗೂ ಇಲ್ಲ.

ಅದು ಮ್ಯೂಸಿಯಂ ಅಲ್ಲ, ಪೂಜೆ ನಡೆಯೋ ಇಗರ್ಜಿ. ಚಡ್ಡಿ, ತೋಳಿಲ್ಲದ ಬಟ್ಟೆ ಬೀಚಿಗೇ ಇರಲಿ. ಬಾಗಿಲ ಹತ್ತಿರ ಬಟ್ಟಲಲ್ಲಿ ನೀರಿದ್ರೆ ಅದು ಕುಡಿಯೋ ತೀರ್ಥ ಅಲ್ಲ, ಬೆರಳು ಅದ್ದಿ ಶಿಲುಬೆ ಗುರುತು ಹಾಕಿಕೊಳ್ಳೋದು. ಇನ್ನೊಂದು ಮುಖ್ಯ: ಪೂಜೆ ನಡುವೆ ಜನ ಸಾಲಾಗಿ ಹೋಗಿ ಬಿಳಿ ರೊಟ್ಟಿಯಂಥದ್ದನ್ನ ತಗೋತಾರೆ. ನಮ್ಮವರು ಪ್ರಸಾದ ಅಂದ್ರೆ ಬಿಡೋರಲ್ಲ, ಸಾಲಲ್ಲಿ ನಿಂತೇ ಬಿಡ್ತಾರೆ! ಅದು ಅವರಿಗೆ ಯೇಸುವಿನ ದೇಹವೇ. ದೀಕ್ಷೆ ಪಡೆದ ಕ್ಯಾಥೊಲಿಕರು ಮಾತ್ರ ತಗೊಳ್ಳೋದು. ಅದನ್ನ ಇಸ್ಕೊಂಡು ಜೇಬಿಗೆ ಹಾಕಿಕೊಂಡ್ರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತೆ ಯೋಚಿಸಿ. ನೀವು ಬೆಂಚಲ್ಲೇ ಕೂತಿದ್ರೆ ಯಾರೂ ತಪ್ಪು ತಿಳಿಯಲ್ಲ.

ಹೊರಗೆ ಬಂದ ಮೇಲೆ ಗೋಡೆ ನೋಡಿ. ಓಲ್ಡ್ ಗೋವಾದ ಬೇರೆ ಚರ್ಚೆಲ್ಲ ಬೆಳ್ಳಗಿದ್ರೆ ಇದೊಂದು ಕೆಂಪಗಿದೆ. ಎಲ್ಲರ ಫೋಟೋದಲ್ಲೂ ಆ ಕೆಂಪೇ. ಆದರೆ ಕಟ್ಟಿದಾಗ ಹೀಗಿರಲಿಲ್ಲ. ಇದು ಜಂಬಿಟ್ಟಿಗೆ, ಮಂಗಳೂರಿನವರ ಮುರಕಲ್ಲು. ಮೇಲೆ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಪೋರ್ಚುಗೀಸರ ಕಾಲದಲ್ಲೇ, ಹಳೇ ಕಳೆ ಕಾಣಲಿ ಅಂತ ಅದನ್ನ ಕೆತ್ತಿ ತೆಗೆದರು. ಮುರಕಲ್ಲಲ್ಲಿ ಮೈಯೆಲ್ಲ ತೂತು, ಮಳೆ ನೀರು ಕುಡಿಯುತ್ತೆ, ವರ್ಷ ವರ್ಷ ಸವೆಯುತ್ತೆ. ಕರಾವಳಿಯಲ್ಲಿ ಮನೆ ಕಟ್ಟಿದೋರನ್ನ ಕೇಳಿ, ಗಾರೆ ಯಾಕೆ ಬೇಕು ಅಂತ ಅವರೇ ಹೇಳ್ತಾರೆ. ಮತ್ತೆ ಗಾರೆ ಹಾಕಿ ಅಂತ ಚರ್ಚಿನವರು ಕೇಳ್ತಿದ್ದಾರೆ, ಜನಕ್ಕೆ ಒಗ್ಗಿದ ಕೆಂಪು ಹೋಗುತ್ತಲ್ಲ ಅನ್ನೋರೂ ಇದ್ದಾರೆ. ನನ್ನ ವೋಟು ಗಾರೆಗೆ. ಫೋಟೋ ಚೆನ್ನಾಗಿ ಬರುತ್ತೆ ಅಂತ ನಾನೂರು ವರ್ಷದ ಗೋಡೆಯನ್ನ ಮಳೆಗೆ ನೆನೆಯೋಕೆ ಬಿಡೋದಾ?

ಅನುಮಾನ ಇದ್ರೆ ಪಕ್ಕದ ಗುಡ್ಡ ಹತ್ತಿ, ಐದೇ ನಿಮಿಷ. ಸಂತ ಅಗಸ್ಟೀನ್ ಚರ್ಚಿನ ಗೋಪುರ ಇದೆ, ಅದೂ ಮುರಕಲ್ಲಿನದೇ, ನಲವತ್ತಾರು ಮೀಟರ್. ಪಾದ್ರಿಗಳನ್ನ ಹೊರಹಾಕಿದ ಮೇಲೆ ನೋಡೋರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಬಿದ್ದವು. ಉಳಿದ ಅರ್ಧ ಅಲ್ಲಿ ನಿಂತಿದೆ. ಆಗಸ್ಟ್‌ನಲ್ಲಿ ಹೋದ್ರೆ ಕಲ್ಲಿನ ಸಂದಿಯಲ್ಲೆಲ್ಲ ಹುಲ್ಲು ಹಸಿರಾಗಿರುತ್ತೆ.