ಚೌಮಹಲ್ಲಾ: ಅರಮನೆಯ ಅಂಗಳದಲ್ಲಿ ಮದುವೆ

ಹೈದರಾಬಾದಿನ ಚಾರ್‌ಮಿನಾರಿನ ಪಕ್ಕದಲ್ಲೇ ಲಾಡ್ ಬಜಾರಿನ ಬಳೆ ಅಂಗಡಿಗಳು. ಮದುವೆ ಹೆಣ್ಣಿಗೆ ಅರಗಿನ ಬಳೆ ಕೊಳ್ಳುವ ಆ ಬೀದಿಯನ್ನು ದಾಟಿದರೆ ಖಿಲ್ವತ್ ಎಂಬ ಕೇರಿ. ಅಲ್ಲಿ ಎತ್ತರದ ಗೋಡೆಯೊಳಗೆ ಚೌಮಹಲ್ಲಾ ಅರಮನೆ. ಬೀದರ್, ಕಲಬುರಗಿ, ರಾಯಚೂರುಗಳನ್ನೂ 1948ರ ವರೆಗೆ ಆಳಿದ ಆಸಫ್‌ಜಾಹಿ ನಿಜಾಮರ ದರ್ಬಾರು ನಡೆಯುತ್ತಿದ್ದುದು ಇಲ್ಲಿ. ಈಗ ಹಗಲಿನಲ್ಲಿ ಅದು ವಸ್ತುಸಂಗ್ರಹಾಲಯ. ಕೆಲವು ಸಂಜೆ ಮದುವೆಗೆ, ಔತಣಕೂಟಕ್ಕೆ ಬಾಡಿಗೆಗೆ ಸಿಗುವ ಜಾಗ.

ಕಟ್ಟಡದ ಕೆಲಸ 1750ರ ಸುಮಾರಿಗೆ ಸಲಾಬತ್ ಜಂಗ್ ಕಾಲದಲ್ಲಿ ಶುರುವಾಗಿ, ಐದನೆಯ ನಿಜಾಮ ಅಫ್ಜಲ್ ಉದ್ ದೌಲಾನ ಆಳ್ವಿಕೆಯಲ್ಲಿ, ಎಂದರೆ 1857ರಿಂದ 1869ರ ನಡುವೆ, ಮುಗಿಯಿತು. ದಕ್ಷಿಣದ ಅಂಗಳ ಹಳೆಯದು. ಅಫ್ಜಲ್, ಮಹತಾಬ್, ತಹನಿಯತ್, ಅಫ್ತಾಬ್ ಎಂಬ ನಾಲ್ಕು ಮಹಲುಗಳು ಅಲ್ಲಿವೆ. ಉತ್ತರದ ಅಂಗಳದಲ್ಲಿ ಉದ್ದನೆಯ ಕೊಳ, ಕಾರಂಜಿ, ಕೊಳಕ್ಕೆ ಮುಖಮಾಡಿದ ಖಿಲ್ವತ್ ಮುಬಾರಕ್ ಎಂಬ ದರ್ಬಾರು ಸಭಾಂಗಣ. ಅಮೃತಶಿಲೆಯ ಗದ್ದುಗೆಯ ಸುತ್ತ ಬೆಲ್ಜಿಯಂ ಗಾಜಿನ 19 ತೂಗುದೀಪಗಳು ತೂಗುತ್ತವೆ. ಆಳ್ವಿಕೆ ಹೋದ ಮೇಲೆ, 1967ರಲ್ಲಿ, ನಿಜಾಮರ ವಂಶದ ಮುಕರ್ರಮ್ ಜಾಹ್ ಅವರಿಗೆ ಹೆಸರಿಗಷ್ಟೇ ಪಟ್ಟ ಕಟ್ಟಿದ್ದೂ ಈ ಅರಮನೆಯಲ್ಲೇ.

ಸಮಾರಂಭಕ್ಕೆಂದೇ ಕಟ್ಟಿದ ಜಾಗ ಇದು. ಸಭಾಂಗಣ ವೇದಿಕೆಯಾಗಿ, ಅಂಗಳವೇ ಸಭೆಯಾಗಿ, ಜನ ಬಯಲಲ್ಲಿ ಕೂತು ಒಳಗಿನ ವೈಭವವನ್ನು ನೋಡುವ ಏರ್ಪಾಡು. ಇವತ್ತಿನ ಆರತಕ್ಷತೆಗೆ ಬೇಕಾದದ್ದೂ ಇಷ್ಟೇ. ಸಣ್ಣ ಕೋಣೆಗಳ ಹಳೆಯ ಮನೆಗಳನ್ನು ಕಲ್ಯಾಣ ಮಂಟಪವಾಗಿಸಲು ಹೊರಟವರು ಗೋಡೆ ಒಡೆಯಬೇಕಾಗುತ್ತದೆ. ಚೌಮಹಲ್ಲಾದಲ್ಲಿ ಆ ಪ್ರಮೇಯವೇ ಬರಲಿಲ್ಲ.

ಆದರೆ ಬಾಡಿಗೆಗೆ ಕೊಡುವ ಸ್ಥಿತಿಗೆ ಅರಮನೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಮುಕರ್ರಮ್ ಜಾಹ್ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಆಸ್ತಿಯ ವ್ಯಾಜ್ಯಗಳ ನಡುವೆ ಮಹಲುಗಳು ಬೀಗ ಹಾಕಿಕೊಂಡು ಸೋರಿದವು. ಒಂದು ಕಾಲಕ್ಕೆ 45 ಎಕರೆ ಇದ್ದ ಆವರಣ 12 ಎಕರೆಯ ಆಸುಪಾಸಿಗೆ ಇಳಿಯಿತು. ಮುಕರ್ರಮ್ ಜಾಹ್ ಅವರ ಮೊದಲ ಪತ್ನಿ, ಟರ್ಕಿ ಮೂಲದ ಎಸ್ರಾ, ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡರು. ವಾಸ್ತುಶಿಲ್ಪಿ ರಾಹುಲ್ ಮೆಹ್ರೋತ್ರಾ ಕೆಲಸ ನಡೆಸಿದರು. 2005ರಲ್ಲಿ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪುರಸ್ಕಾರ ಬಂತು.

ಇಂಥ ಕಟ್ಟಡದಲ್ಲಿ ಮದುವೆ ನಡೆಸುವುದು ಸುಲಭವಲ್ಲ. ಗೋಡೆ ಸುಣ್ಣದ ಗಾರೆಯದು. ಗಾರೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಹೂಬಳ್ಳಿಯ ಕೆತ್ತನೆ ಹಪ್ಪಳದಂತೆ ಏಳುತ್ತದೆ. ಮದುವೆಯ ಅಲಂಕಾರಕ್ಕೆ ಹೊಡೆದ ಒಂದು ಮೊಳೆ ಅಂಗೈಯಗಲದ ಗಾರೆಯನ್ನು ಉದುರಿಸಬಲ್ಲದು. ಹೋಮದ ಹೊಗೆ, ಬಿರಿಯಾನಿ ಹಂಡೆಗಳ ಜಿಡ್ಡು ಕೆತ್ತನೆಯ ಸಂದುಗಳಲ್ಲಿ ಕೂತು ಧೂಳನ್ನು ಹಿಡಿದಿಡುತ್ತವೆ. ಅದನ್ನು ತಿಕ್ಕಿ ತೆಗೆಯಹೋದರೆ ಕೆತ್ತನೆಯೇ ಸವೆಯುತ್ತದೆ. ಆದ್ದರಿಂದ ಪಾರಂಪರಿಕ ಕಟ್ಟಡದಲ್ಲಿ ಸಮಾರಂಭ ನಡೆಸುವ ಅನುಭವಿಗಳು ಒಲೆಯನ್ನೂ ಜನರೇಟರನ್ನೂ ದೂರ ಇಡುತ್ತಾರೆ, ಹೂವಿನ ಮಂಟಪವನ್ನು ತನ್ನದೇ ಕಾಲುಗಳ ಮೇಲೆ ನಿಲ್ಲಿಸುತ್ತಾರೆ, ಗೋಡೆಗೆ ದಾರವನ್ನೂ ಕಟ್ಟುವುದಿಲ್ಲ. ಧ್ವನಿವರ್ಧಕದ ಅದುರುವಿಕೆಯೂ ಸಡಿಲಗೊಂಡ ಗಾರೆಗೆ ಒಳ್ಳೆಯದಲ್ಲ. ಬಣ್ಣಬಣ್ಣದ ಲೇಸರ್ ಬೆಳಕು ಗೋಡೆಗೆ ಹಾನಿ ಮಾಡದಿದ್ದರೂ, ನೋಡಲೆಂದು ಹಣ ತೆತ್ತು ಬಂದ ಕುಸುರಿಯನ್ನೇ ಮುಚ್ಚಿಬಿಡುತ್ತದೆ. ಈ ಅಭಿರುಚಿಗೆ ಮಾತ್ರ ಯಾವ ನಿಯಮವೂ ಇಲ್ಲ.

ಇಷ್ಟೆಲ್ಲ ತೊಡಕಿದ್ದೂ ಬಾಡಿಗೆಗೆ ಕೊಡುವುದಕ್ಕೆ ಕಾರಣ ನೇರವಾದದ್ದು. ಗಾರೆ ಕೆಲಸಕ್ಕೆ, ತೂಗುದೀಪ ಒರೆಸುವುದಕ್ಕೆ, ಹೆಬ್ಬಾಗಿಲ ಗಡಿಯಾರಕ್ಕೆ ವಾರವಾರ ಕೀಲಿ ಕೊಡುವುದಕ್ಕೆ ವರ್ಷಪೂರ್ತಿ ಖರ್ಚಿದೆ. ಪ್ರವೇಶ ಶುಲ್ಕದ ಜೊತೆಗೆ ಇನ್ನೊಂದು ಆದಾಯವಿದ್ದರೆ ಆ ಖರ್ಚು ತೂಗಿಸುವುದು ಸುಲಭ. ಮದುವೆಗಳಷ್ಟೇ ಅಲ್ಲ, 2025ರ ಮೇ ತಿಂಗಳಲ್ಲಿ ವಿಶ್ವಸುಂದರಿ ಸ್ಪರ್ಧೆಯ ಅತಿಥಿಗಳಿಗೆ ಔತಣ ನಡೆದದ್ದೂ ಇಲ್ಲೇ.

ಹಳೆಯ ನಗರದ ಸಾಮಾನ್ಯ ಮನೆತನಗಳ ನಿಕಾಹ್, ವಲೀಮಾ ಔತಣಗಳು ಮಾತ್ರ ಈ ಗೋಡೆಯ ಹೊರಗಿನ ಫಂಕ್ಷನ್ ಹಾಲುಗಳಲ್ಲೇ ನಡೆಯುತ್ತವೆ. ಆ ಮನೆಗಳವರು ಚೌಮಹಲ್ಲಾವನ್ನು ನೋಡಲು ಶುಕ್ರವಾರ ಬಿಟ್ಟು ಬೇರೆ ದಿನ, ಹಗಲು ಹೊತ್ತಿನಲ್ಲಿ, ಟಿಕೆಟ್ ಕೊಂಡು ಬರುತ್ತಾರೆ.