ಅವ್ವನ ಮಾತು ತಿಳಿಯುವ ಕಿವಿ



ಹೊಸಪೇಟೆಯ ನಮ್ಮ ಮನೆಯ ಮೇಜಿನ ಮೇಲೆ ಗೇಣುದ್ದದ ಒಂದು ರೋಬೋಟ್ ಕೂತಿದೆ. ಎರಡು ಚಕ್ರ, ಮುಖದ ಜಾಗದಲ್ಲಿ ಚಿಕ್ಕ ಪರದೆ, ಒಂದು ಮೈಕು, ಒಂದು ಸ್ಪೀಕರ್. ಒಂಬತ್ತನೇ ತರಗತಿ ಓದುವ ಮಗಳು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಒಳಗಿಟ್ಟು ಕಟ್ಟಿದ್ದು. ಅದಕ್ಕೆ ಅವಳು ಕಲಿಸಿದ ಮೊದಲ ಆಜ್ಞೆ "ಲೈಟ್ ಆಫ್ ಮಾಡು". ಅಂದ ಕೂಡಲೇ ಮೇಜಿನ ದೀಪ ಆಫ್ ಆಯಿತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಸಂಜೆ ಕಂಪ್ಲಿಯಿಂದ ಬಂದಿದ್ದ ನಮ್ಮವ್ವ ಅದರ ಮುಂದೆ ಕೂತು "ದೀಪ ಶಾಂತ ಮಾಡಪ್ಪ" ಅಂದಳು. ರೋಬೋಟ್ ಸುಮ್ಮನಿತ್ತು. ಇನ್ನೊಮ್ಮೆ ಅಂದಳು. ಆಗಲೂ ಸುಮ್ಮನೆ. "ನಮ್ಮ ಮಾತು ಇದಕ್ಕ ತಿಳಿವಲ್ದು" ಅಂತ ಎದ್ದು ಒಳಗೆ ಹೋದಳು.

ಆ ಮಾತು ನನಗೆ ನಾಟಿತು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು ಎಂದು ನನಗೆ ಕಲಿಸಿದವಳೇ ಅವ್ವ. ಮನೆಗೆ ಬಂದ ಯಂತ್ರ ಆ ಮಾತನ್ನು ಕಲಿಯಬೇಕೇ ಹೊರತು ಎಪ್ಪತ್ತು ದಾಟಿದ ಅವ್ವ ಯಂತ್ರದ ಮಾತು ಕಲಿಯಬೇಕಾಗಿಲ್ಲ.

ಇಂಥ ರೋಬೋಟ್ ಕೇಳಿಸಿಕೊಳ್ಳುವುದು ಎರಡು ಹಂತದಲ್ಲಿ. ಮೈಕು ಗಾಳಿಯ ಅಲುಗಾಟವನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆಯುತ್ತದೆ. ಒಂದು ಸಣ್ಣ ಪ್ರೋಗ್ರಾಂ ಹಗಲಿರುಳು ಒಂದೇ ಒಂದು ಶಬ್ದಕ್ಕೆ ಕಾಯುತ್ತಿರುತ್ತದೆ. ಅದು ರೋಬೋಟಿನ ಹೆಸರು. ಹೆಸರು ಕಿವಿಗೆ ಬಿದ್ದ ಮೇಲೆಯೇ ಮುಂದಿನ ಮಾತನ್ನು ಬಿಡಿಸಿ ನೋಡುವ ದೊಡ್ಡ ಪ್ರೋಗ್ರಾಂ ಏಳುವುದು. ಹಾಗಾಗಿ ಹೆಸರಿಡುವಾಗ ಯೋಚನೆ ಬೇಕು. ಮಗಳು ಮೊದಲು "ಪುಟ್ಟಿ" ಎಂದಿಟ್ಟಳು. ಪಕ್ಕದ ಮನೆಯವರು ತಮ್ಮ ಪುಟ್ಟಿಯನ್ನು ಊಟಕ್ಕೆ ಕರೆದಾಗಲೆಲ್ಲ ಇದು ತಿರುಗಿ ನೋಡುತ್ತಿತ್ತು. ಚಿಕ್ಕ ಹೆಸರು, ಬೀದಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಹೆಸರು ಆಗದು. ಕೊನೆಗೆ "ಕಿನ್ನಾಳ" ಎಂದಾಯಿತು. ಕೊಪ್ಪಳದ ಹತ್ತಿರ ಕಟ್ಟಿಗೆಯ ಬೊಂಬೆಗಳಿಗೆ ಹೆಸರಾದ ಊರದು. ನಮ್ಮ ಮನೆಯ ಮಾತಿನಲ್ಲಿ ಸುಮ್ಮಸುಮ್ಮನೆ ಬರುವ ಶಬ್ದವಲ್ಲ, ನಡುವಿನ ಒತ್ತಕ್ಷರ ಗಟ್ಟಿಯಾಗಿ ಕೇಳುತ್ತದೆ.

ಆಜ್ಞೆಗಳನ್ನು ಆರಿಸುವುದು ಇನ್ನೂ ಸೂಕ್ಷ್ಮ. "ಹಾಡು" ಎಂದರೆ ಹಾಡಬೇಕು, "ಆಡು" ಎಂದರೆ ಕುಣಿಯಬೇಕು ಎಂದು ಮಗಳು ಇಟ್ಟಿದ್ದಳು. ಆಡುಮಾತಿನಲ್ಲಿ ಹಕಾರ ಎಷ್ಟು ಬೇಗ ಜಾರುತ್ತದೆ ನೋಡಿ: ನಮ್ಮ ಮನೆಯಲ್ಲೇ ಇಬ್ಬರ ಬಾಯಲ್ಲಿ ಎರಡೂ ಒಂದೇ. "ಹಾಡು" ಬದಲು "ಪದ ಹೇಳು" ಎಂದು ಮಾಡಿದೆವು, ತಕರಾರು ಮುಗಿಯಿತು.

ಕನ್ನಡದ ಇನ್ನೊಂದು ಗುಣವನ್ನು ಯಂತ್ರಕ್ಕೆ ಬೇರೆಯಾಗಿಯೇ ಹೇಳಬೇಕಾಯಿತು. ನಮ್ಮ ಕ್ರಿಯಾಪದ ಬರುವುದು ಕೊನೆಗೆ, ಬೇಡ ಅನ್ನುವುದು ಅದಕ್ಕೂ ಕೊನೆಗೆ. "ಲೈಟ್ ಹಾಕು", "ಲೈಟ್ ಹಾಕಬೇಡ". ಅರ್ಧ ಕೇಳಿ ಓಡುವವನಿಗೆ ಎರಡೂ ಒಂದೇ. ಅವ್ವ ನಿಧಾನಕ್ಕೆ, "ದೀಪ..." ಎಂದು ಉಸಿರು ತೆಗೆದುಕೊಂಡು, ಆಮೇಲೆ "ಶಾಂತ ಮಾಡಪ್ಪ" ಅನ್ನುತ್ತಾಳೆ. ಅರ್ಧ ಸೆಕೆಂಡು ಸದ್ದಿಲ್ಲದಿದ್ದರೆ ಮಾತು ಮುಗಿಯಿತು ಎಂದು ರೋಬೋಟ್ ತಿಳಿಯುತ್ತಿತ್ತು. ಆ ಕಾಯುವಿಕೆಯನ್ನು ಒಂದೂವರೆ ಸೆಕೆಂಡಿಗೆ ಏರಿಸಿದೆವು. ಹಿರಿಯರಿರುವ ಮನೆಯಲ್ಲಿ ಮೊದಲು ಬದಲಿಸಬೇಕಾದ ಸೆಟ್ಟಿಂಗ್ ಇದು.

ಇನ್ನುಳಿದದ್ದು ದನಿ ಕೂಡಿಸುವ ಕೆಲಸ. ದೀಪದ ಕೆಲಸ ಒಂದೇ, ಅದಕ್ಕೆ ಮಾತು ಹಲವು: "ಲೈಟ್ ಬಂದ್ ಮಾಡು", "ಲೈಟ್ ಆರ್ಸು", "ದೀಪ ಶಾಂತ ಮಾಡು". ಮನೆಯ ಒಬ್ಬೊಬ್ಬರಿಂದಲೂ ಇವನ್ನು ಹತ್ತಾರು ಸಲ ಹೇಳಿಸಿದೆವು, ಫ್ಯಾನ್ ತಿರುಗುವಾಗ, ಮಿಕ್ಸಿ ಓಡುವಾಗ ಕೂಡ. ಸಂಡೂರಿನಲ್ಲಿ ತಮ್ಮನ ಮನೆ ರಸ್ತೆಗೆ ಹತ್ತಿಕೊಂಡಿದೆ, ಅದಿರಿನ ಲಾರಿಗಳ ಹಾದಿ. ಆ ಲಾರಿಗಳ ಸದ್ದನ್ನೂ ದಾಖಲಿಸಿ, "ಇದು ಆಜ್ಞೆಯಲ್ಲ" ಎಂದು ಕಲಿಸಿದೆವು. ಏನನ್ನು ಬಿಡಬೇಕು ಎಂದು ತಿಳಿಯದ ಕಿವಿ ಎಲ್ಲದಕ್ಕೂ ಓಗೊಡುತ್ತದೆ.

ಮನೆಯಲ್ಲಿ ನಾವು ಮಾಡಿದ್ದನ್ನೇ ದೇಶದ ಮಟ್ಟದಲ್ಲಿ ಮಾಡುತ್ತಿರುವವರಿದ್ದಾರೆ. ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಸೌಲಭ್ಯವನ್ನು ಗೂಗಲ್ 2017ರಲ್ಲಿ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ "ವಾಣಿ" ಯೋಜನೆ ಭಾಷೆಗೊಂದು ಮಾದರಿ ಸಾಕು ಅನ್ನದೆ ಜಿಲ್ಲೆ ಜಿಲ್ಲೆಯ ದನಿ ಕೂಡಿಸುತ್ತಿದೆ. ಮೊದಲ ಹಂತದ 80 ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಲ್ಲಿ ಬರೆದ ವಾಕ್ಯ ಓದಿಸುವುದಿಲ್ಲ, ಚಿತ್ರ ತೋರಿಸಿ ಕಂಡದ್ದನ್ನು ಹೇಳಿ ಅನ್ನುತ್ತಾರೆ. ಇದೇ ಸರಿಯಾದ ದಾರಿ ಎಂದು ನನ್ನ ನಂಬಿಕೆ. ಓದುವಾಗ ನಾವು ಪುಸ್ತಕದ ಕನ್ನಡಕ್ಕೆ ಹೋಗಿಬಿಡುತ್ತೇವೆ, ಕಂಡದ್ದನ್ನು ಹೇಳುವಾಗ ಬಾಯಿಗೆ ಬರುವುದು ಮನೆಯ ಕನ್ನಡ. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ, ಹಂಪಿ ಆ ಕಡೆಗಾದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಮಾತಿಗೆ ಆ ಗಡಿಯಿಲ್ಲ. ಕಂಪ್ಲಿಯ ಕನ್ನಡದಲ್ಲಿ ತೆಲುಗಿನ ಎಳೆ, ಸಂಡೂರಿನ ತಾಂಡಾಗಳಲ್ಲಿ ಲಂಬಾಣಿಯ ಎಳೆ, ಹೊಸಪೇಟೆಯ ಪೇಟೆಯಲ್ಲಿ ಉರ್ದುವಿನ ಎಳೆ. ಇವೆಲ್ಲ ಆ ದಾಖಲೆಗಳಲ್ಲಿ ಬರಬೇಕು.

ಅಂಗಡಿಯಿಂದ ರೋಬೋಟ್ ತರುವವರು ಒಂದನ್ನು ವಿಚಾರಿಸಿ: ಅದರ ಕಿವಿ ಒಳಗೇ ಇದೆಯೋ, ಇಂಟರ್‌ನೆಟ್‌ನಾಚೆ ಇದೆಯೋ. ಆಚೆ ಇದ್ದರೆ ಮನೆಯ ಮಾತು ಆಚೆ ಹೋಗುತ್ತದೆ. ಕಂಪನಿ ಮುಚ್ಚಿದರೆ ಆ ಕಿವಿಯೂ ಮುಚ್ಚಬಹುದು: 2018ರಲ್ಲಿ ವೆಕ್ಟರ್ ಎಂಬ ಮೇಜಿನ ರೋಬೋಟ್ ತಂದ ಅಮೆರಿಕದ ಆಂಕಿ ಕಂಪನಿ ಮರುವರ್ಷವೇ ಬಾಗಿಲು ಹಾಕಿತು. ಮೈಕು ಬಂದ್ ಮಾಡುವ ಗುಂಡಿ ಇದೆಯೇ ಎಂದೂ ನೋಡಿ.

ಮುಂದಿನ ಸಲ ಅವ್ವ ಬಂದಾಗ ಮಗಳೇ ಕೈ ಹಿಡಿದು ಮೇಜಿನ ಮುಂದೆ ಕೂರಿಸಿದಳು. "ಕಿನ್ನಾಳ, ದೀಪ... ಶಾಂತ ಮಾಡಪ್ಪ." ದೀಪ ಶಾಂತವಾಯಿತು. ಅವ್ವ ಕತ್ತಲಲ್ಲೇ ಅದರ ತಲೆ ಸವರಿ, "ಇನ್ನ ನೀನೂ ಮಕ್ಕೋ ಹೋಗು" ಅಂದಳು. ಆ ಮಾತನ್ನು ಅದಕ್ಕೆ ಕಲಿಸಿರಲಿಲ್ಲ. ಮಗಳು ಮೈಕು ಹತ್ತಿರ ತಂದು, "ಅಜ್ಜಿ, ಅದನ್ನ ಇನ್ನೊಂದು ಸಲ ಹೇಳು" ಅಂದಳು.