ಯುವಜನರ ರಕ್ಷಣೆ: ಧರ್ಮಕೇಂದ್ರದ ಹೊಣೆ

(ಶತಮಾನೋತ್ಸವದ ಪ್ರಯುಕ್ತ ಏರ್ಪಡಿಸಿದ್ದ ಪಾಲಕರ ಹಾಗೂ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ನಮ್ಮ ಕರ್ತವ್ಯ. ಆದರೆ ಮುಂದಿನ ವರುಷಗಳಲ್ಲಿ ಈ ಪೀಠದ ಮುಂದೆ ಮೊಣಕಾಲೂರಬೇಕಾದ ಮಕ್ಕಳು ಇಂದು ಎಲ್ಲಿದ್ದಾರೆ, ಯಾರ ಸಂಗದಲ್ಲಿದ್ದಾರೆ ಎಂದು ವಿಚಾರಿಸದಿದ್ದರೆ ನಮ್ಮ ಉತ್ಸವವು ಅಪೂರ್ಣವೇ ಸರಿ. ಆದುದರಿಂದ, ಸಂಘಟಿತ ಅಪರಾಧಿಗಳು ನಮ್ಮ ಎಳೆಯರನ್ನು ತಮ್ಮ ತಂಡಗಳಿಗೆ ಸೇರಿಸಿಕೊಳ್ಳದಂತೆ ತಡೆಯುವ ಕಾರ್ಯಕ್ರಮವನ್ನು ಒಂದು ಧರ್ಮಕೇಂದ್ರವು ಹೇಗೆ ಮುನ್ನಡೆಸಬಹುದು ಎಂಬುದನ್ನು ಇಂದು ತಮ್ಮೊಡನೆ ಚಿಂತಿಸಬಯಸುತ್ತೇವೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಂಥ ಶಾಂತವಾದ ಊರುಗಳಿಗೆ ಈ ಮಾತು ಏಕೆ ಎಂದು ಕೆಲವರಿಗೆ ತೋರಬಹುದು. ನಮ್ಮ ಊರು ಶಾಂತವಾಗಿರುವುದು ನಿಜ; ಆದರೆ ನಮ್ಮ ಮಕ್ಕಳು ಊರಿನಲ್ಲೇ ಉಳಿಯುವವರಲ್ಲ. ತಲೆಮಾರುಗಳಿಂದ ಈ ಕರಾವಳಿಯ ಹುಡುಗರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದರು. ಹೋಟೆಲುಗಳಲ್ಲಿ ಲೋಟ ತೊಳೆದರು, ಅಂಗಡಿಗಳಲ್ಲಿ ಲೆಕ್ಕ ಬರೆದರು. ಅವರಲ್ಲಿ ಬಹುಮಂದಿ ಮರ್ಯಾದೆಯಿಂದ ಬಾಳಿದುದು ಹೇಗೆ? ಅಲ್ಲಿ ಅವರಿಗಾಗಿ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ದುಡಿದ ಹುಡುಗನು ರಾತ್ರಿ ಪಾಟಿಚೀಲ ಹಿಡಿದು ಅಲ್ಲಿಗೆ ಹೋಗುತ್ತಿದ್ದನು. ಗೋವೆಯ ಕ್ರೈಸ್ತರಿಗೆ ಧೋಬಿತಲಾವ್, ಮಝಗಾಂವ್ ಮೊದಲಾದೆಡೆ ಊರೂರಿನ 'ಕೂಡ್'ಗಳಿದ್ದವು. ಒಂದೇ ಹಳ್ಳಿಯವರು ಒಂದೇ ಸೂರಿನಡಿ ತಂಗಿ, ಸಂಜೆ ಪೀಠದ ಮುಂದೆ ಒಟ್ಟಾಗಿ ಜಪಮಾಲೆ ಹೇಳುತ್ತಿದ್ದರು. ಅದನ್ನು ಯಾರೂ ಅಪರಾಧ ತಡೆಯುವ ಕಾರ್ಯಕ್ರಮವೆಂದು ಕರೆಯಲಿಲ್ಲ. ಆದರೂ ಅದು ಆ ಕೆಲಸವನ್ನೇ ಮಾಡಿತು: ಪರಊರಿನಲ್ಲಿ ಹುಡುಗನ ಹೆಸರು ಬಲ್ಲವರು, ಅವನು ಬಾರದಿದ್ದರೆ ಎಲ್ಲಿ ಎಂದು ಕೇಳುವವರು ಇದ್ದರು.

ಅಂಥ ಆಸರೆ ಇಲ್ಲದೆಡೆ ಆದುದೇನು? 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರ ಮುಷ್ಕರ ಆರಂಭವಾಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸವಿಲ್ಲದ ಮನೆಗಳ ತರುಣರಲ್ಲಿ ಹಲವರು ಭೂಗತ ತಂಡಗಳ ಕೈಯಾಳುಗಳಾದರು. ನಮ್ಮ ಜಿಲ್ಲೆಯ ಮಣ್ಣಿನಿಂದಲೂ ಅತ್ತ ಹೋದವರುಂಟು. 2013ರ ಡಿಸೆಂಬರ್‌ನಲ್ಲಿ ಅಂಕೋಲದ ಉದ್ಯಮಿ ಆರ್. ಎನ್. ನಾಯಕರು ಗುಂಡಿಗೆ ಬಲಿಯಾದರು. ಆ ಪ್ರಕರಣದಲ್ಲಿ ಉಡುಪಿಯ ಬನ್ನಂಜೆ ರಾಜನನ್ನು 2015ರಲ್ಲಿ ಮೊರಾಕೊ ದೇಶದಿಂದ ಕರೆತರಲಾಯಿತು. 2022ರ ಏಪ್ರಿಲ್‌ನಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯವು ಅವನಿಗೂ ಸಂಗಡಿಗರಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ಈ ಬಲೆ ಜಾತಿಯನ್ನು ಕೇಳುವುದಿಲ್ಲ, ಧರ್ಮವನ್ನೂ ಕೇಳುವುದಿಲ್ಲ. ಕೇಳುವುದು ಒಂದನ್ನೇ: ಈ ಹುಡುಗನನ್ನು ವಿಚಾರಿಸುವವರು ಯಾರಾದರೂ ಇದ್ದಾರೆಯೇ?

ಅಂದು ಹುಡುಗನು ರೈಲು ಹತ್ತಿ ಆ ಲೋಕವನ್ನು ಸೇರಬೇಕಿತ್ತು. ಇಂದು ಆ ಲೋಕವೇ ಅಂಗೈಯ ಮೊಬೈಲಿನಲ್ಲಿ ಅವನ ಮಲಗುವ ಕೋಣೆಗೆ ಬರುತ್ತದೆ. ಅದು ಬರುವ ಎರಡು ದಾರಿಗಳನ್ನು ಪಾಲಕರು ಚೆನ್ನಾಗಿ ಅರಿತಿರಬೇಕು.

ಮೊದಲನೆಯದು ಬ್ಯಾಂಕು ಖಾತೆ. ಪರಿಚಿತನೊಬ್ಬನು ಕಾಲೇಜು ಹುಡುಗನಿಗೆ ಹೇಳುತ್ತಾನೆ: ನಿನ್ನ ಹೆಸರಿನಲ್ಲಿ ಒಂದು ಖಾತೆ ತೆರೆ, ಪಾಸುಬುಕ್ಕು, ಎಟಿಎಂ ಕಾರ್ಡು, ಸಿಮ್ಮು ನನಗೆ ಕೊಡು, ಕೆಲವು ಸಾವಿರ ರೂಪಾಯಿ ನಿನಗೆ. ಹುಡುಗನಿಗೆ ಇದು ಕಳ್ಳತನವೆಂದು ತೋರುವುದಿಲ್ಲ. ತಾನು ಯಾರ ಜೇಬಿಗೂ ಕೈಹಾಕಲಿಲ್ಲವಲ್ಲ! ಆದರೆ ಎಲ್ಲೋ ಒಬ್ಬ ಮುದುಕಿಯನ್ನು ಹೆದರಿಸಿ ದೋಚಿದ ಹಣ ಆ ಖಾತೆಗೆ ಬಂದು ಕ್ಷಣಾರ್ಧದಲ್ಲಿ ಮುಂದೆ ಹರಿಯುತ್ತದೆ. ಪೊಲೀಸರು ಜಾಡು ಹಿಡಿದು ಬಂದಾಗ ದೊಡ್ಡವರ ಹೆಸರು ಎಲ್ಲಿಯೂ ಇಲ್ಲ. ಇರುವುದು ಖಾತೆದಾರನಾದ ಆ ಹುಡುಗನ ಹೆಸರು.

ಎರಡನೆಯದು ಪರದೇಶದ ಉದ್ಯೋಗ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ ಎಂದು ನಂಬಿಸಿ, ಪ್ರವಾಸಿ ವೀಸಾದ ಮೇಲೆ ಬ್ಯಾಂಕಾಕಿಗೆ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಆವರಣಗಳಿಗೆ ನೂಕುತ್ತಾರೆ. ಪಾಸ್‌ಪೋರ್ಟು ಕಸಿಯುತ್ತಾರೆ. ದೂರದ ಅಮಾಯಕರನ್ನು ಫೋನಿನ ಮೂಲಕ ವಂಚಿಸುವುದೇ ಅಲ್ಲಿಯ ಕೆಲಸ, ಒಲ್ಲೆನೆಂದವನಿಗೆ ಹೊಡೆತ. ಹೀಗೆ ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯದಲ್ಲಿ ಸುಮಾರು 1,00,000 ಜನ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ರ ಆಗಸ್ಟ್‌ನಲ್ಲಿ ಅಂದಾಜು ಮಾಡಿತು. 2025ರ ಮಾರ್ಚ್ 10 ಮತ್ತು 11ರಂದು ಭಾರತ ಸರಕಾರವು ವಾಯುಪಡೆಯ ವಿಮಾನಗಳಲ್ಲಿ 549 ಮಂದಿ ಭಾರತೀಯರನ್ನು ಅಲ್ಲಿಂದ ಮರಳಿ ತಂದಿತು.

ಕಾನೂನು ಏನನ್ನುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೆಯ ಕಲಮಿನ ಪ್ರಕಾರ ಸಂಘಟಿತ ಅಪರಾಧ ತಂಡದ ಸದಸ್ಯನಾಗಿರುವುದಕ್ಕೇ ಕನಿಷ್ಠ 5 ವರುಷ, ಹೆಚ್ಚೆಂದರೆ ಜೀವಾವಧಿ ಸೆರೆವಾಸವುಂಟು. 18 ವರುಷ ತುಂಬದವರನ್ನು ಅಪರಾಧಕ್ಕೆ ಬಳಸುವವನಿಗೆ 95ನೆಯ ಕಲಮಿನಂತೆ 3ರಿಂದ 10 ವರುಷಗಳ ಶಿಕ್ಷೆ. ಕಾನೂನು ಬಲವಾಗಿದೆ, ನಿಜ. ಆದರೆ ಕಾನೂನು ಬರುವುದು ಕೃತ್ಯ ನಡೆದ ಮೇಲೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವೇನು? ಬಾವಿಯನ್ನು ಮೊದಲೇ ತೋಡುವುದು ನಮ್ಮ ಕೆಲಸ.

ಈ ಕೆಲಸದಲ್ಲಿ ನಮಗೆ ಇಬ್ಬರು ಗುರುಗಳಿದ್ದಾರೆ. 1841ರಲ್ಲಿ ಗುರುದೀಕ್ಷೆ ಪಡೆದ ಸಂತ ಜಾನ್ ಬಾಸ್ಕೊ ಟ್ಯೂರಿನ್ ನಗರದ ಸೆರೆಮನೆಗಳಿಗೆ ಹೋಗಿ, ಬಿಡುಗಡೆಯಾದ ಹುಡುಗರು ಮತ್ತೆ ಮತ್ತೆ ಅಲ್ಲಿಗೇ ಮರಳುವುದನ್ನು ಕಂಡರು. ಹೊರಗೆ ಅವರಿಗೊಬ್ಬ ಸ್ನೇಹಿತನಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅವರ ನಿಶ್ಚಯ. ಅವರು ಬರಿಯ ಉಪದೇಶ ಮಾಡಲಿಲ್ಲ. ಆಟದ ಬಯಲು ಕೊಟ್ಟರು, ಕಸುಬು ಕಲಿಸಿದರು; 1850ರ ದಶಕದ ಆರಂಭದಲ್ಲೇ ಯಜಮಾನರಿಂದ ಕರಾರುಪತ್ರ ಬರೆಸಿಕೊಂಡು, ಹುಡುಗನಿಗೆ ಹೊಡೆಯಕೂಡದು, ಹಬ್ಬದ ದಿನ ಬಿಡುವು ಕೊಡಬೇಕು ಎಂದು ಷರತ್ತು ವಿಧಿಸಿದರು. 1877ರಲ್ಲಿ ತಮ್ಮ ಪದ್ಧತಿಯನ್ನು ಬರೆದಿಟ್ಟಾಗ ಅವರು ಅದಕ್ಕೆ ಕೊಟ್ಟ ಹೆಸರೇ ನಿವಾರಕ ಪದ್ಧತಿ: ತಪ್ಪಾದ ಮೇಲೆ ದಂಡಿಸುವುದಲ್ಲ, ತಪ್ಪಾಗುವ ಮುನ್ನ ಜೊತೆಗಿರುವುದು.

ಇನ್ನೊಬ್ಬರು ಇಟಲಿಯ ಪಲೆರ್ಮೊ ನಗರದ ಫಾದರ್ ಪೀನೊ ಪುಲಿಸಿ. 1990ರಲ್ಲಿ ತಮ್ಮ ಹುಟ್ಟೂರಾದ ಬ್ರಾಂಕಾಚ್ಚೊ ಬಡಾವಣೆಯ ವಿಚಾರಣಾ ಗುರುಗಳಾಗಿ ಅವರು ಬಂದಾಗ ಅಲ್ಲಿ ಆಳುತ್ತಿದ್ದುದು ಮಾಫಿಯಾ. ಬಡಾವಣೆಯಲ್ಲಿ ಮಾಧ್ಯಮಿಕ ಶಾಲೆಯೇ ಇರಲಿಲ್ಲ. ಬೀದಿಯ ಮಕ್ಕಳೇ ಮಾಫಿಯಾದ ನಾಳಿನ ಆಳುಗಳು. ಫಾದರ್ ಶಾಲೆಗಾಗಿ ಹೋರಾಡಿದರು. 1993ರಲ್ಲಿ ಮಕ್ಕಳಿಗಾಗಿ ಕೇಂದ್ರವೊಂದನ್ನು ತೆರೆದರು. ಹಬ್ಬಕ್ಕೆ ಮಾಫಿಯಾದವರು ಕೊಡುವ ದೇಣಿಗೆಯನ್ನು ನಿರಾಕರಿಸಿದರು. ಅದೇ ವರುಷ ಸೆಪ್ಟೆಂಬರ್ 15ರಂದು, ತಮ್ಮ 56ನೆಯ ಜನ್ಮದಿನದಂದು, ಮನೆಯ ಬಾಗಿಲಲ್ಲೇ ಕೊಲೆಗಡುಕರ ಗುಂಡಿಗೆ ಬಿದ್ದರು. ಪವಿತ್ರ ಸಭೆಯು 2013ರಲ್ಲಿ ಅವರನ್ನು ಧನ್ಯರೆಂದು ಸಾರಿತು. ಆಟ ಪಾಠಗಳ ಒಂದು ಕೇಂದ್ರಕ್ಕೆ ಮಾಫಿಯಾ ಇಷ್ಟು ಅಂಜಿದುದೇಕೆ? ಹುಡುಗರು ಸಿಗದಿದ್ದರೆ ಅಂಥ ಸಾಮ್ರಾಜ್ಯ ಒಂದು ತಲೆಮಾರಿನಲ್ಲೇ ಕುಸಿಯುವುದೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ನಾವು ಮಾಡಬೇಕಾದುದೇನು? ಐದು ಮಾತುಗಳಲ್ಲಿ ಹೇಳುತ್ತೇವೆ.

ಮೊದಲನೆಯದಾಗಿ, ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಓದು ನಿಲ್ಲಿಸಿದ, ಕೆಲಸ ಸಿಗದ ಅಥವಾ ಪರಊರಿಗೆ ಹೋದ ತರುಣ ತರುಣಿಯರನ್ನು ಹೆಸರು ಹೆಸರಾಗಿ ತಿಳಿದಿರಬೇಕು. ಒಬ್ಬೊಬ್ಬರಿಗೆ ಒಬ್ಬೊಬ್ಬ ಹಿರಿಯ ಸ್ನೇಹಿತ ಬೇಕು. ತಿಂಗಳಿಗೊಮ್ಮೆ ಭೇಟಿಯೋ ಫೋನೋ ಆಗಬೇಕು. ಬೆಂಗಳೂರಿಗೆ, ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋದವರು ನಮ್ಮ ಲೆಕ್ಕದಿಂದ ಬಿಟ್ಟುಹೋಗಬಾರದು.

ಎರಡನೆಯದಾಗಿ, ಯಾರಿಗೆ ಪರದೇಶದ ಕೆಲಸದ ಪತ್ರ ಬಂದರೂ ಅನುಭವಿಗಳಾದ ಇಬ್ಬರು ಮೂವರು ಅದನ್ನು ಪರಿಶೀಲಿಸುವ ವ್ಯವಸ್ಥೆ ಇರಲಿ. ಏಜೆಂಟನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತನೇ, ಕೊಡುವುದು ಕೆಲಸದ ವೀಸಾವೇ, ಪ್ರವಾಸಿ ವೀಸಾವೇ, ಇಷ್ಟು ಕೇಳಿದರೆ ಅರ್ಧ ಮೋಸ ಅಲ್ಲಿಯೇ ಬಯಲಾಗುತ್ತದೆ.

ಮೂರನೆಯದಾಗಿ, ಮನೆಯ ಸಾಲದ ಸಂಕಟವೇ ಗಾಳಗಾರನ ಎರೆಹುಳು. ಆಸ್ಪತ್ರೆಯ ಬಿಲ್ಲಿಗೋ ಕಾಲೇಜಿನ ಶುಲ್ಕಕ್ಕೋ ಪರದಾಡುವ ಮನೆಯನ್ನು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಬೇಗನೆ, ಗುಟ್ಟಾಗಿ ತಲುಪಬೇಕು.

ನಾಲ್ಕನೆಯದಾಗಿ, ತೆರಾಲಿಯ ತೋರಣ ಕಟ್ಟುವುದಕ್ಕೆ ಮಾತ್ರ ಯುವಕರನ್ನು ಕರೆಯುವುದು ಸಾಲದು. ಅವರಿಗೆ ಜವಾಬ್ದಾರಿ ಕೊಡಿ, ಲೆಕ್ಕಪತ್ರ ಒಪ್ಪಿಸಿ, ಸಭೆಯಲ್ಲಿ ಅವರ ಮಾತಿಗೆ ಬೆಲೆ ಕೊಡಿ. ವಾಲಿಬಾಲ್ ಅಂಗಣದ ಬಾಗಿಲು ಅನ್ಯಧರ್ಮದ ನೆರೆಮನೆಯ ಹುಡುಗನಿಗೂ ತೆರೆದಿರಲಿ. ಇದರೊಡನೆ ಒಂದು ಕಠಿಣ ಮಾತು. ದುಡಿಮೆ ಕಾಣದ ಹುಡುಗನ ಕೈಯಲ್ಲಿ ಥಟ್ಟನೆ ಹಣ ಕಂಡಾಗ ನಾವು ಬೆರಗಾಗುತ್ತೇವೆಯೇ ಹೊರತು ಪ್ರಶ್ನಿಸುವುದಿಲ್ಲ. ಅವನು ದೊಡ್ಡ ದೇಣಿಗೆ ಕೊಟ್ಟರೆ ಶಾಲು ಹೊದಿಸುತ್ತೇವೆ. ಎಳೆಯರು ಇದನ್ನು ನೋಡುತ್ತಾರೆ, ಪಾಠ ಕಲಿಯುತ್ತಾರೆ. ಫಾದರ್ ಪುಲಿಸಿಯವರು ಮರಳಿಸಿದ ಕವರನ್ನು ಮರಳಿಸುವ ಧೈರ್ಯ ನಮಗೂ ಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯ: ಮರಳುವ ಬಾಗಿಲು. ಸಿಲುಕಿದ ಹುಡುಗನು ಮನೆಯಲ್ಲಿ ಹೇಳಲು ಅಂಜುತ್ತಾನೆ. ಆ ಅಂಜಿಕೆಯೇ ಅವನನ್ನು ಹಿಡಿದಿಡುವ ಹಗ್ಗ. ಖಾತೆಯನ್ನು ಕೊಟ್ಟುಬಿಟ್ಟಿದ್ದರೆ ಆ ದಿನವೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು, 1930ಕ್ಕೆ ಕರೆಮಾಡಬೇಕು, ಹಿರಿಯರೊಬ್ಬರು ಜೊತೆಗೂಡಿ ಠಾಣೆಗೆ ಹೋಗಬೇಕು. ವಕೀಲರನ್ನಿಡಲು ಶಕ್ತಿಯಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವುಂಟು. ಮಕ್ಕಳ ವಿಷಯವಾದರೆ 1098. ಇದು ತಪ್ಪನ್ನು ಮುಚ್ಚಿಹಾಕುವುದಲ್ಲ. ಸತ್ಯ ಹೇಳುವವನ ಪಕ್ಕದಲ್ಲಿ ನಿಲ್ಲುವುದು. ದುಂದುಗಾರ ಮಗನ ಸಾಮತಿಯಲ್ಲಿ ತಂದೆಯು ಮಗನನ್ನು ದೂರದಿಂದಲೇ ಕಂಡನು. ಎಂದರೆ ದಾರಿಯನ್ನು ನೋಡುತ್ತಲೇ ಇದ್ದನು. ನಮ್ಮ ವಾಳೆಗಳಲ್ಲಿ ಹಾಗೆ ದಾರಿ ನೋಡುವವರು ಬೇಕು, ಚಾವಡಿಯಲ್ಲಿ ಕುಳಿತು ಆಡಿಕೊಳ್ಳುವವರಲ್ಲ.

ಯುವಮಿತ್ರರೇ, ನಿಮಗೊಂದು ಮಾತು. ನಿಮ್ಮನ್ನು ಕರೆಯುವವನು ಮೊದಲ ದಿನ ಕೆಟ್ಟವನಂತೆ ಕಾಣುವುದಿಲ್ಲ. ನಿಮ್ಮ ಕಷ್ಟ ಕೇಳುತ್ತಾನೆ, ಚಹಾ ಕುಡಿಸುತ್ತಾನೆ, ತಮ್ಮಾ ಎನ್ನುತ್ತಾನೆ. ಇದನ್ನು ಮನೆಯಲ್ಲಿ ಹೇಳಬೇಡ ಎಂದು ಅವನು ಅಂದ ಗಳಿಗೆಯಲ್ಲೇ ಅವನಾರೆಂದು ತಿಳಿಯಿರಿ.

ಹಿರಿಯರೇ, ಆ ಮನುಷ್ಯನು ಮಾಡುವುದನ್ನೇ ನಾವು ಅವನಿಗಿಂತ ಮುಂಚಿತವಾಗಿ, ನಿಷ್ಕಪಟವಾಗಿ ಮಾಡಿದರೆ ಅವನಿಗೆ ನಮ್ಮ ಊರಿನಲ್ಲಿ ಕೆಲಸವಿರದು. ಈ ಶತಮಾನೋತ್ಸವ ವರುಷದ ಮುಕ್ತಾಯದೊಳಗೆ ಪ್ರತಿ ವಾಳೆಯ ಹೆಸರುಪಟ್ಟಿ ಸಿದ್ಧವಾಗಲಿ, ಅದರಲ್ಲಿರುವ ಒಬ್ಬೊಬ್ಬರ ಹೆಸರಿನ ಮುಂದೆ ಒಬ್ಬ ಹಿರಿಯರ ಹೆಸರೂ ಇರಲಿ ಎಂದು ಕೋರುತ್ತೇವೆ.